13 ಸೆಂಟಿಮೀಟರ್ ಗಡ್ಡೆಗೆ ‘ನಾಲ್ಕೇ ತೂತು’ ಎನ್ನುವವರನ್ನು ನಂಬುವ ಮುನ್ನ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ದಯವಿಟ್ಟು ಓದಿ. ದೊಡ್ಡ ಕಾಯಿಲೆ ಬಂದರೆ ನಾವು ಹೆಚ್ಚಾಗಿ ತಲಪಾಡಿ ಗಡಿ ದಾಟಿ ಮಂಗಳೂರಿಗೇ ಓಡಬೇಕು. 2020ರಲ್ಲಿ ಕೊರೊನಾ ಬಂದು ಗಡಿ ಮುಚ್ಚಿದಾಗ ಅದರ ಬಿಸಿ ಎಲ್ಲರಿಗೂ ತಟ್ಟಿದೆ. ನಮ್ಮ ಈ ಅನಿವಾರ್ಯತೆ ಆಚೆ ಕಡೆ ಕೌಂಟರಿನಲ್ಲಿ ಕುಳಿತವರಿಗೂ ಚೆನ್ನಾಗಿ ಗೊತ್ತು.

ನನ್ನ ಭಾವನಿಗೆ ಲಿವರಿನ ಬಲಭಾಗದಲ್ಲಿ 13 ಸೆಂಟಿಮೀಟರ್ ಗಡ್ಡೆ. ಕ್ಯಾನ್ಸರ್. ಒಂದು ಖಾಸಗಿ ಆಸ್ಪತ್ರೆಗೆ ಹೋದೆವು, ಹೆಸರು ಬರೆಯುವುದಿಲ್ಲ. ಸರ್ಜನ್ ಮಾತನಾಡಿದ್ದು ಸ್ವಲ್ಪ ಹೊತ್ತು. ಉಳಿದ ಮಾತೆಲ್ಲ ಟೈ ಕಟ್ಟಿದ ಕೋಆರ್ಡಿನೇಟರನದು. “ಕೀಹೋಲ್ ಆಪರೇಷನ್ ಸರ್. ನಾಲ್ಕೇ ಸಣ್ಣ ತೂತು. ನಾಲ್ಕನೆಯ ದಿನ ಮನೆ.” ಪ್ಯಾಕೇಜ್ ನಾಲ್ಕೂವರೆ ಲಕ್ಷ.

ಅಕ್ಕ ಕೇಳಿದಳು: “ಅಷ್ಟು ದೊಡ್ಡದು ತೂತಿನಿಂದ ಹೊರಗೆ ಬರುವುದು ಹೇಗೆ?”

ಅವನು ನಕ್ಕ. “ಅದೆಲ್ಲ ಟೆಕ್ನಾಲಜಿ ಅಕ್ಕಾ, ನೀವು ತಲೆಬಿಸಿ ಮಾಡಬೇಡಿ.”

ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಏಕೆಂದರೆ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಕ್ಯಾನ್ಸರ್ ಗಡ್ಡೆಯನ್ನು ಹೊಟ್ಟೆಯೊಳಗೇ ಚೂರು ಮಾಡಿ ತೆಗೆಯುವುದಿಲ್ಲ, ಜೀವಕೋಶಗಳು ಹರಡುವ ಭಯ. ಇಡಿಯಾಗಿ ಚೀಲಕ್ಕೆ ಹಾಕಿ, ಹೆಚ್ಚಾಗಿ ಕೆಳಹೊಟ್ಟೆಯಲ್ಲಿ ಬೇರೆಯೇ ಒಂದು ಗಾಯ ಮಾಡಿ ಹೊರತೆಗೆಯುತ್ತಾರೆ. ಅಂದರೆ ಎಲ್ಲವೂ ಸುಸೂತ್ರವಾಗಿ ನಡೆದರೂ ‘ನಾಲ್ಕೇ ತೂತು’ ಸುಳ್ಳು. ಮೊದಲ ದಿನದಿಂದಲೇ ಸುಳ್ಳು.

ಆಪರೇಷನ್ ಅರ್ಧದಲ್ಲಿರುವಾಗ ನರ್ಸ್ ಬಂದು, “ರಕ್ತಸ್ರಾವ ಆಗಿದೆ, ಓಪನ್ ಮಾಡಿದ್ದಾರೆ” ಎಂದಳು. ಬಲ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಸೀಳಿದ್ದರು. ಸೀಳಿದ್ದಕ್ಕೆ ನನಗೆ ಸಿಟ್ಟಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಲಿವರ್ ಎಂದರೆ ರಕ್ತ ತುಂಬಿದ ಅಂಗ, ದೊಡ್ಡ ಗಡ್ಡೆ ಇದ್ದರೆ ಒಳಗೆ ಉಪಕರಣ ಆಡಿಸಲು ಜಾಗ ಕಡಿಮೆ. ರಕ್ತನಾಳ ಹರಿದು ರಕ್ತ ನಿಲ್ಲದಾಗ ತೆರೆಯದಿದ್ದರೆ ಜೀವ ಹೋಗಬಹುದು. ಭಾವ ಬದುಕಿದ್ದಾನೆ. ಆದರೆ ಹೀಗಾಗಬಹುದು ಎಂದು ಒಬ್ಬರಾದರೂ ಮೊದಲೇ ಬಾಯಿ ಬಿಟ್ಟರೇ?

ಬಿಲ್ ಎಂಟು ಲಕ್ಷ ದಾಟಿತ್ತು. ಕೀಹೋಲ್ ಉಪಕರಣಗಳ ಹಣವೂ ಇದೆ, ಓಪನ್ ಸರ್ಜರಿಯ ಹಣವೂ ಇದೆ. ಎರಡೂ! ಕೇಳಿದರೆ, “ಪ್ಯಾಕೇಜ್ ಕೀಹೋಲ್‌ಗೆ ಮಾತ್ರ ಸರ್. ಇದು ಓಪನ್.” ಹಾಗಾದರೆ ಕೀಹೋಲಿನ ಹಣ ಏಕೆ? “ಅದನ್ನೂ ಮಾಡಿದ್ದೇವಲ್ಲ.” ಕೋಆರ್ಡಿನೇಟರನನ್ನು ಕರೆಸಿದೆ. ಅಂದು ನಕ್ಕವನು ಈಗ ಕಾಗದ ತೋರಿಸಿದ: “ಸಹಿ ಹಾಕಿದ್ದೀರಲ್ಲ?” ಹಿಂದಿನ ರಾತ್ರಿ, ವಾರ್ಡಿನ ದೀಪ ಆರಿಸುವ ಹೊತ್ತಿಗೆ ತಂದಿದ್ದ ಇಂಗ್ಲಿಷ್ ಕಾಗದ. ಕನ್ನಡ ಮಾತ್ರ ಓದುವ ಅಕ್ಕನ ಸಹಿ. ಪಕ್ಕದಲ್ಲಿದ್ದ ಕಿರಿಯ ವೈದ್ಯರ ಮಾತು ಇನ್ನೂ ಚೆನ್ನಾಗಿತ್ತು: “ಇಷ್ಟು ದೊಡ್ಡದಾದರೆ ಓಪನ್ ಆಗುವ ಸಾಧ್ಯತೆ ಇದ್ದೇ ಇರುತ್ತದೆ. ನಿಮಗೆ ಗೊತ್ತಿರಲಿಲ್ಲವೇ?”

ನಮಗೆ ಗೊತ್ತಿರಬೇಕಿತ್ತಂತೆ! ‘ತೂತಿನ ಆಪರೇಷನ್, ಏನೂ ಹೆದರಬೇಡಿ’ ಎಂದು ನೆಂಟರಿಗೆಲ್ಲ ಫೋನ್ ಮಾಡಿ ಧೈರ್ಯ ಹೇಳಿದವನು ನಾನು. ಈಗ ಒಬ್ಬೊಬ್ಬರೂ ಬಂದು ಹೊಟ್ಟೆಯ ಹೊಲಿಗೆ ನೋಡಿ ನನ್ನ ಮುಖ ನೋಡುತ್ತಾರೆ.

2008ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಸೇರಿದ ಲಿವರ್ ಸರ್ಜರಿ ತಜ್ಞರು ಕೀಹೋಲ್‌ಗೆ ತಕ್ಕದ್ದು ಎಂದಿದ್ದು 5 ಸೆಂಟಿಮೀಟರ್ ಒಳಗಿನ, ಲಿವರಿನ ಅಂಚಿನಲ್ಲಿರುವ ಒಂಟಿ ಗಡ್ಡೆಯನ್ನು. ಆಮೇಲೆ ಪಳಗಿದ ಕೈಗಳು ಇನ್ನೂ ದೊಡ್ಡದನ್ನು ಹೀಗೆಯೇ ತೆಗೆದಿವೆ, ಅಲ್ಲಗಳೆಯುವುದಿಲ್ಲ. ಆದ್ದರಿಂದ ಸರ್ಜನ್ ಬಳಿಯೇ ಕೇಳಿ, ಟೈ ಕಟ್ಟಿದವನ ಬಳಿ ಅಲ್ಲ: 10 ಸೆಂಟಿಮೀಟರ್ ಮೀರಿದ್ದನ್ನು ಎಷ್ಟು ಮಾಡಿದ್ದೀರಿ, ಅವುಗಳಲ್ಲಿ ಎಷ್ಟನ್ನು ಓಪನ್ ಮಾಡಬೇಕಾಯಿತು, ಗಡ್ಡೆಯಿರುವ ಭಾಗ ಕತ್ತರಿಸಿದ ಮೇಲೆ ಎಷ್ಟು ಲಿವರ್ ಉಳಿಯುತ್ತದೆ? ಓಪನ್ ಆದರೆ ಎಷ್ಟು ಖರ್ಚು ಎಂದು ಬರೆಸಿಕೊಳ್ಳಿ. ಸಾಧ್ಯವಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ಇನ್ನೊಂದು ಅಭಿಪ್ರಾಯ ಕೇಳಿ.

ಬಿಲ್ಲಿನ ವಿವರ ಕೇಳಿ ಬರೆದ ಪತ್ರಕ್ಕೆ ಆಸ್ಪತ್ರೆಯಿಂದ ಉತ್ತರ ಬಂದಿಲ್ಲ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಮೊಬೈಲ್‌ಗೆ ಸಂದೇಶ ಮಾತ್ರ ಬಂದಿದೆ.