ಒರೆಗಾನ್‌ನ ಔಟ್‌ಡೋರ್ ಸ್ಕೂಲ್: ಸೇವೆ ಹೇಗಿದೆ, ಅದರ ಅನುದಾನಕ್ಕಾಗಿ ಶಾಸಕರಿಗೆ ಏಕೆ ಫೋನ್ ಮಾಡಬೇಕು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಐದನೆಯ ಅಥವಾ ಆರನೆಯ ತರಗತಿಯ ಮಕ್ಕಳನ್ನು ಕೆಲವು ದಿನಗಳ ಮಟ್ಟಿಗೆ ಕಾಡಿನ ಶಿಬಿರದಲ್ಲಿರಿಸಿ, ಮಣ್ಣು, ನೀರು, ಗಿಡಮರ, ಪ್ರಾಣಿಗಳ ಬಗ್ಗೆ ಅಲ್ಲಿಯೇ ಪಾಠ ಮಾಡುವ ಸೇವೆಗೆ ಔಟ್‌ಡೋರ್ ಸ್ಕೂಲ್ ಎಂದು ಹೆಸರು. ಬೀವರ್ಟನ್, ಹಿಲ್ಸ್‌ಬರೋ ಕಡೆ ನೆಲೆಸಿರುವ ಅನೇಕ ಕನ್ನಡಿಗರ ಮಕ್ಕಳು ಇದರಲ್ಲಿ ಪಾಲ್ಗೊಳ್ಳುತ್ತಾರೆ; ನಮ್ಮ ಮಗಳೂ ಪಾಲ್ಗೊಂಡಿದ್ದಳು. ಶಾಲೆಯ ಮೂಲಕ ನಾವು ಪಡೆದ ಸೇವೆಗಳಲ್ಲಿ ನಾನು ಅತ್ಯಂತ ಮೇಲಿನ ಸ್ಥಾನ ಕೊಡುವುದು ಇದಕ್ಕೇ.

ಮಕ್ಕಳು ತಮ್ಮ ಹೆಸರು ಬರೆದ ಮರದ ಬಿಲ್ಲೆಯೊಂದನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತಾರೆ. ಅವರನ್ನು ನೋಡಿಕೊಳ್ಳುವವರಲ್ಲಿ ಸ್ವಯಂಸೇವಕರಾಗಿ ಬಂದ ಹೈಸ್ಕೂಲ್ ವಿದ್ಯಾರ್ಥಿಗಳೂ ಇರುತ್ತಾರೆ. ಅವರು ಸ್ವಂತ ಹೆಸರಿನ ಬದಲು ಗಿಡವೊಂದರ ಅಥವಾ ಹಕ್ಕಿಯೊಂದರ ಹೆಸರನ್ನು ಇಟ್ಟುಕೊಂಡಿರುವುದರಿಂದ ಚಿಕ್ಕ ಮಕ್ಕಳಿಗೆ ಸಲುಗೆ ಬೇಗ ಹುಟ್ಟುತ್ತದೆ. ಮಗಳು ಹೊಳೆಯ ನೀರಿನ ಉಷ್ಣತೆಯನ್ನು ಅಳೆದು, ಕಲ್ಲು ಮಗುಚಿ ಅದರ ಅಡಿಯಲ್ಲಿದ್ದ ಹುಳುಗಳನ್ನು ಎಣಿಸಿ, ಆ ನೀರು ಸಾಲ್ಮನ್ ಮೀನಿಗೆ ತಕ್ಕದ್ದೋ ಅಲ್ಲವೋ ಎಂದು ತಾನೇ ತೀರ್ಮಾನಿಸಿ ಬರೆದಿದ್ದ ಹಾಳೆಯನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಊಟದ ನಂತರ ತಟ್ಟೆಗಳಲ್ಲಿ ಉಳಿದ ಆಹಾರವನ್ನೆಲ್ಲ ಒಟ್ಟುಗೂಡಿಸಿ ಎಲ್ಲರೆದುರು ತೂಗುತ್ತಿದ್ದರಂತೆ. ಬಡಿಸಿದ್ದನ್ನು ಚೆಲ್ಲಬಾರದೆಂದು ನಾವು ಮನೆಯಲ್ಲಿ ಎಷ್ಟು ಹೇಳಿದರೂ ಆಗದ ಕೆಲಸವನ್ನು ಆ ತಕ್ಕಡಿ ಮಾಡಿತು. ಸಸ್ಯಾಹಾರದ ಬಗ್ಗೆ ನಮಗಿದ್ದ ಆತಂಕವೂ ಅನಗತ್ಯವಾಗಿತ್ತು, ಏಕೆಂದರೆ ಮುಂಚೆಯೇ ತುಂಬಿಸಿಕೊಂಡ ಅರ್ಜಿಯಲ್ಲಿ ಆ ವಿವರವನ್ನು ಕೇಳಿದ್ದರು ಮತ್ತು ಅದರಂತೆಯೇ ನಡೆದುಕೊಂಡರು.

ಕೊರತೆಯೆಂದರೆ, ಈ ಸೇವೆ ಎಲ್ಲ ಕಡೆ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಕೆಲವು ಶಾಲೆಗಳ ಮಕ್ಕಳು ಹೆಚ್ಚು ದಿನ ಉಳಿಯುತ್ತಾರೆ, ಕೆಲವರು ಬೇಗ ಮರಳುತ್ತಾರೆ. ಇದಕ್ಕೆ ಹಲವು ಕಾರಣಗಳಿದ್ದರೂ ಮುಖ್ಯವಾದದ್ದು ಹಣವೆಂದೇ ನನ್ನ ಅಭಿಪ್ರಾಯ.

2016ರ ನವೆಂಬರ್‌ನಲ್ಲಿ ಒರೆಗಾನ್‌ನ ಮತದಾರರು ಸುಮಾರು ಮೂರನೇ ಎರಡರಷ್ಟು ಬಹುಮತದಿಂದ ಮೆಷರ್ 99 ಎಂಬ ಪ್ರಸ್ತಾವವನ್ನು ಅಂಗೀಕರಿಸಿ, ರಾಜ್ಯದ ಲಾಟರಿ ಆದಾಯದ ಶೇ. 4ರಷ್ಟನ್ನು, ವರ್ಷಕ್ಕೆ 2.2 ಕೋಟಿ ಡಾಲರ್‌ಗಳ ಮಿತಿಯೊಳಗೆ, ಹೊರಾಂಗಣ ಶಿಕ್ಷಣಕ್ಕೆ ಮೀಸಲಿಟ್ಟರು. ಹಣದುಬ್ಬರಕ್ಕೆ ತಕ್ಕಂತೆ ಆ ಮಿತಿ ಏರುತ್ತದೆ. ಹಣ ಹಂಚುವ ಹೊಣೆ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್ ವಿಭಾಗದ್ದು. ಆದರೆ ಅದು ಸಂವಿಧಾನದ ತಿದ್ದುಪಡಿಯಲ್ಲ, ಸಾಮಾನ್ಯ ಕಾನೂನು ಮಾತ್ರ; ಶಾಸನಸಭೆ ಮನಸ್ಸು ಮಾಡಿದರೆ ಮೊತ್ತವನ್ನು ಕಡಿಮೆ ಮಾಡಬಹುದು. ಮತದಾನವಾದ ಮರುವರ್ಷವೇ, 2017ರಲ್ಲಿ, ಎರಡು ವರ್ಷಗಳ ಬಜೆಟ್‌ನಲ್ಲಿ ಇದಕ್ಕೆ ದೊರೆತದ್ದು 2.4 ಕೋಟಿ ಡಾಲರ್, ಅಂದರೆ ಎರಡು ವರ್ಷಗಳ ಒಟ್ಟು ಗರಿಷ್ಠ ಮಿತಿಯ ಅರ್ಧಕ್ಕಿಂತ ತುಸು ಹೆಚ್ಚು. ಜನರು ಮತ ಹಾಕಿದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲವೆಂಬುದು ಅಂದೇ ಸ್ಪಷ್ಟವಾಯಿತು.

ಆದ್ದರಿಂದಲೇ ಈ ಸೇವೆಯನ್ನು ಮೆಚ್ಚಿದ ಪೋಷಕರು ತಮ್ಮ ಶಾಸಕರಿಗೆ ಫೋನ್ ಮಾಡಬೇಕೆಂದು ನಾನು ಒತ್ತಾಯಿಸುತ್ತೇನೆ. ಸೇಲಂನಲ್ಲಿರುವ ಶಾಸನಸಭೆಯಲ್ಲಿ 60 ಪ್ರತಿನಿಧಿಗಳೂ 30 ಸೆನೆಟರ್‌ಗಳೂ ಇದ್ದಾರೆ; ಪ್ರತಿ ಮನೆಯ ವಿಳಾಸಕ್ಕೂ ಒಬ್ಬ ಪ್ರತಿನಿಧಿ, ಒಬ್ಬ ಸೆನೆಟರ್ ಇರುತ್ತಾರೆ, ಅವರ ಹೆಸರನ್ನು ಶಾಸನಸಭೆಯ ಜಾಲತಾಣದಲ್ಲಿ ವಿಳಾಸ ನಮೂದಿಸಿ ತಿಳಿಯಬಹುದು. ಫೋನ್ ಎತ್ತುವವರು ಸಾಮಾನ್ಯವಾಗಿ ಶಾಸಕರ ಸಹಾಯಕರು. ನಾನು ಕರೆ ಮಾಡಿದಾಗ ಅವರು ಹೆಸರು, ವಿಳಾಸ ಕೇಳಿಕೊಂಡರು, ಮೆಷರ್ 99ರ ಮೊತ್ತವನ್ನು ಪೂರ್ತಿಯಾಗಿ ಉಳಿಸಬೇಕೆಂಬ ನನ್ನ ಬೇಡಿಕೆಯನ್ನು ಬರೆದುಕೊಂಡರು. ಹೊಳೆಯ ಹುಳುಗಳ ವಿಷಯ ಹೇಳಿದಾಗ ಮಾತ್ರ ತಾವಾಗಿ ಒಂದೆರಡು ಪ್ರಶ್ನೆ ಕೇಳಿದರು. ಸಂಘಸಂಸ್ಥೆಗಳು ಬರೆದುಕೊಡುವ ಸಿದ್ಧ ಮಾತುಗಳನ್ನು ಓದುವುದಕ್ಕಿಂತ ನಮ್ಮ ಮಗುವಿನ ಅನುಭವದ ಒಂದು ಸಂಗತಿಯನ್ನು ಹೇಳುವುದು ಹೆಚ್ಚು ಫಲಕಾರಿಯೆಂದು ನನಗೆ ಅನ್ನಿಸಿದ್ದು ಇದರಿಂದ. ಇನ್ನೊಬ್ಬ ಶಾಸಕರ ಕಚೇರಿಯಲ್ಲಿ ವಾಯ್ಸ್‌ಮೇಲ್ ತುಂಬಿಹೋಗಿತ್ತು, ಇಮೇಲ್‌ಗೆ ಉತ್ತರವೂ ಬರಲಿಲ್ಲ. ಜನರ ಮಾತು ಕೇಳಲೆಂದೇ ಇರುವ ಕಚೇರಿಗೆ ಇದು ಶೋಭೆಯಲ್ಲ.

ವೀಸಾದ ಮೇಲಿರುವ ನಮ್ಮವರು ಅನೇಕರು, ಮತದ ಹಕ್ಕಿಲ್ಲದ ತಮಗೆ ಕರೆ ಮಾಡುವ ಅಧಿಕಾರವೂ ಇಲ್ಲವೆಂದು ಸುಮ್ಮನಿರುತ್ತಾರೆ. ಅದು ತಪ್ಪು ಕಲ್ಪನೆ. ಆ ಕ್ಷೇತ್ರದಲ್ಲಿ ವಾಸವಾಗಿರುವ ಯಾರು ಬೇಕಾದರೂ ಶಾಸಕರೊಡನೆ ಮಾತಾಡಬಹುದು, ಪೌರತ್ವದ ದಾಖಲೆಯನ್ನು ಯಾರೂ ಕೇಳುವುದಿಲ್ಲ. ಫೋನಿನಲ್ಲಿ ಇಂಗ್ಲಿಷ್ ಮಾತಾಡಲು ಅಳುಕುವವರು ಶಾಸನಸಭೆಯ ಬಜೆಟ್ ಸಮಿತಿಗೆ ಲಿಖಿತ ಹೇಳಿಕೆಯನ್ನು ಸಲ್ಲಿಸಬಹುದು.

ಎರಡು ವರ್ಷಗಳ ಬಜೆಟ್ ತಯಾರಾಗುವುದು ಬೆಸಸಂಖ್ಯೆಯ ವರ್ಷಗಳ ದೀರ್ಘ ಅಧಿವೇಶನದಲ್ಲಿ. ಮೇ ತಿಂಗಳ ಆದಾಯದ ಅಂದಾಜು ಹೊರಬಿದ್ದ ಮೇಲೆ ವೇಸ್ ಆ್ಯಂಡ್ ಮೀನ್ಸ್ ಎಂಬ ಆ ಬಜೆಟ್ ಸಮಿತಿ ಅಂಕಿಗಳನ್ನು ಬೇಗಬೇಗನೆ ಅಂತಿಮಗೊಳಿಸುವುದರಿಂದ, ಕರೆಯನ್ನು ಅದಕ್ಕೂ ಮೊದಲೇ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಮಾಡುವುದು ಒಳ್ಳೆಯದು.