ಪೋಸ್ಟರ್ ತುಂಬಾ ಸ್ಟಾರ್‌ಗಳಿದ್ದರೆ ಟಿಕೆಟ್ ತೆಗೆಯೋಕೆ ಮುಂಚೆ ಇದನ್ನೊಮ್ಮೆ ಓದಿ

ಒಬ್ಬರಲ್ಲ, ಇಬ್ಬರಲ್ಲ, ಏಳೆಂಟು ದೊಡ್ಡ ಹೆಸರು ಒಂದೇ ಪೋಸ್ಟರ್ ಮೇಲೆ ಕಂಡ್ರೆ ಖುಷಿಪಡಬೇಡಿ, ಅನುಮಾನಪಡಿ. ಕೋಪದಲ್ಲೇ ಬರೀತಿದೀನಿ, ಮುಚ್ಚುಮರೆ ಏನಿಲ್ಲ. ದುಡ್ಡು ಹೋದ್ರೆ ಹೋಗಲಿ. "ತಾರಾಗಣ ನೋಡು, ಕಣ್ಮುಚ್ಚಿಕೊಂಡು ಬಾ" ಅಂತ ಬೇರೆಯವರನ್ನೂ ಎಳಕೊಂಡು ಹೋಗಿ, ಇಂಟರ್ವಲ್‌ನಲ್ಲಿ ಅವರ ಮುಖ ನೋಡೋಕಾಗದೆ ಮೊಬೈಲ್ ತಿರುವ್ತಾ ನಿಲ್ಲಬೇಕಲ್ಲ, ಆ ಅವಮಾನಕ್ಕೆ ರೀಫಂಡ್ ಕೊಡೋರು ಯಾರು?

ವಿಷಯ ಇಷ್ಟೇ. ದೊಡ್ಡ ನಟರು ಸಿನಿಮಾಗೆ ಮಾರೋದು ಡೇಟ್ಸ್, ಅಂದ್ರೆ ಶೂಟಿಂಗ್‌ಗೆ ಕೊಡೋ ದಿನಗಳು. ಪೂರ್ತಿ ಪಾತ್ರ ಮಾಡೋರಿಗೆ ತಿಂಗಳುಗಟ್ಟಲೆ ಬೇಕು, ಮುಖ ತೋರಿಸಿ ಹೋಗೋರಿಗೆ ಎರಡು ಮೂರು ದಿನ ಸಾಕು. ಅಷ್ಟರಲ್ಲೇ ಒಂದು ಸ್ಲೋ ಮೋಷನ್ ಎಂಟ್ರಿ, ನಾಲ್ಕು ಡೈಲಾಗ್, ಕ್ಲೈಮ್ಯಾಕ್ಸ್‌ಗೆ ಬೇಕಾದ ಒಂದು ಕ್ಲೋಸಪ್ ಎಲ್ಲಾ ಮುಗಿಸಿಬಿಡ್ತಾರೆ. ಪೋಸ್ಟರ್ ಮೇಲೆ ಮಾತ್ರ ಎಲ್ಲರ ಮುಖವೂ ಒಂದೇ ಸೈಜು. ಇನ್ನು ಎಂಟು ಜನರ ಡೇಟ್ಸ್ ಒಂದೇ ವಾರಕ್ಕೆ ಹೊಂದೋದುಂಟಾ? ಹೊಂದಲ್ಲ. ಹೊಂದದಿದ್ರೆ ಒಬ್ಬೊಬ್ಬರದ್ದು ಬೇರೆ ಬೇರೆ ತೆಗೆದು ಎಡಿಟಿಂಗ್ ಟೇಬಲ್ ಮೇಲೆ ಹೊಲಿಯೋದು. ಯಾರು ಯಾವತ್ತು ಸಿಕ್ತಾರೋ ಅದರ ಮೇಲೆ ಸೀನ್ ಬರೆದ್ರೆ ಕಥೆ ಎಲ್ಲಿಂದ ಬರಬೇಕು?

ಟೋಪಿ ಬಿತ್ತು ಅಂತ ಗೊತ್ತಾಗೋ ಕ್ಷಣ ಯಾವುದು ಗೊತ್ತಾ? ಇಬ್ಬರು ಘಟಾನುಘಟಿಗಳು ಮುಖಾಮುಖಿಯಾಗೋ ಸೀನು. ಟ್ರೇಲರ್‌ನಲ್ಲಿ ಬಿಲ್ಡಪ್ ಕೊಟ್ಟಿದ್ದೇ ಇದಕ್ಕೆ, ಜನ ಬಂದಿದ್ದೇ ಇದಕ್ಕೆ. ಸರಿಯಾಗಿ ನೋಡಿ. ಒಬ್ಬರ ಮುಖ, ಎದುರಿನವರ ಭುಜ. ಕಟ್. ಈಗ ಅವರ ಮುಖ, ಇವರ ಭುಜ. ಹೀಗೆ ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನ ತೋರಿಸೋದಕ್ಕೆ ಸಜೆಷನ್ ಶಾಟ್ ಅಂತಾರೆ. ಸಜೆಷನ್ ಶಾಟ್ ಮೇಲೆ ಸಜೆಷನ್ ಶಾಟ್. ಸೀನ್ ಮುಗಿಯೋವರೆಗೂ ಎರಡೂ ಮುಖ ಒಂದೇ ಫ್ರೇಮಿಗೆ ಬರೋದೇ ಇಲ್ಲ. ಆ ಭುಜ ಡೂಪ್‌ದು. ಕಿವಿಯ ಆಕಾರ ನೋಡಿ, ಕತ್ತಿನ ಹತ್ತಿರ ಕೂದಲು ಕತ್ತರಿಸಿರೋದು ನೋಡಿ, ಹಿಂದಿನ ಶಾಟ್‌ಗೆ ತಾಳೆಯಾಗಲ್ಲ. ಕಣ್ಣಿನ ನೋಟವೂ ಅಷ್ಟೆ. ಎದುರಿಗಿರೋ ಮನುಷ್ಯನ ಕಣ್ಣಿಗೆ ಬೀಳಬೇಕಾದ ನೋಟ ನಾಲ್ಕು ಬೆರಳು ಪಕ್ಕಕ್ಕೆ ಬಿದ್ದಿರುತ್ತೆ. ಯಾಕಂದ್ರೆ ಎದುರಿಗೆ ಆ ನಟನೇ ಇರಲ್ಲ, ಎಲ್ಲಿ ನೋಡಬೇಕು ಅನ್ನೋ ಗುರುತಿಗೆ ಸ್ಟ್ಯಾಂಡಿಗೆ ಅಂಟಿಸಿದ ಟೇಪ್ ತುಂಡು ಇರುತ್ತೆ. ಟೇಪ್ ತುಂಡಿನ ಜೊತೆ ನಟಿಸಿದ್ದಕ್ಕೆ ನಾವು ದುಡ್ಡು ಕೊಟ್ಟು ಕೂತಿರ್ತೀವಿ!

ಇದು ಇವತ್ತಿನ ಚಾಳಿ ಅಲ್ಲ. 1967ರ ಕ್ಯಾಸಿನೋ ರಾಯಲ್ ನೋಡಿ, ಹಾಸ್ಯದ ಬಾಂಡ್ ಸಿನಿಮಾ. ಡೇವಿಡ್ ನಿವೆನ್, ಪೀಟರ್ ಸೆಲ್ಲರ್ಸ್, ಆರ್ಸನ್ ವೆಲ್ಸ್, ಉರ್ಸುಲಾ ಆ್ಯಂಡ್ರೆಸ್, ವುಡಿ ಅಲನ್, ಹೆಸರುಗಳಿಗೇನು ಬರ? ಟೈಟಲ್ ಕಾರ್ಡ್‌ನಲ್ಲೇ ಐದು ಜನ ನಿರ್ದೇಶಕರು. ಸೆಲ್ಲರ್ಸ್‌ಗೂ ವೆಲ್ಸ್‌ಗೂ ಆಗಿಬರಲಿಲ್ಲ. ಇಸ್ಪೀಟ್ ಟೇಬಲ್‌ನಲ್ಲಿ ಅವರಿಬ್ಬರು ಎದುರುಬದುರು ಕೂರೋ ಸೀನನ್ನ ಬಹುತೇಕ ಬೇರೆ ಬೇರೆಯಾಗಿ ತೆಗೆದರು. ಆಮೇಲೆ ಸೆಲ್ಲರ್ಸ್ ಕೆಲಸ ಪೂರ್ತಿಯಾಗೋ ಮುಂಚೆ ಹೊರನಡೆದರು. ಇದ್ದ ತುಂಡುಗಳ ಸುತ್ತ ಕಥೆ ಕಟ್ಟಿದರು, ಅದಕ್ಕೇ ತಲೆಬುಡ ಇಲ್ಲ.

ಸಣ್ಣ ಸಣ್ಣ ಹಾಸ್ಯ ತುಣುಕುಗಳನ್ನ ಜೋಡಿಸಿದ ಸಿನಿಮಾ ಮೂವೀ 43 ಅಂತೂ ಹಗಲುದರೋಡೆ. ಕೇಟ್ ವಿನ್ಸ್ಲೆಟ್, ಹ್ಯೂ ಜಾಕ್‌ಮನ್, ರಿಚರ್ಡ್ ಗೇರ್, ಎಮ್ಮಾ ಸ್ಟೋನ್, ಹ್ಯಾಲಿ ಬೆರಿ ಎಲ್ಲಾ ಇದ್ದಾರೆ. ಖರ್ಚು ಮಾತ್ರ ಸುಮಾರು 60 ಲಕ್ಷ ಡಾಲರ್. ಇಷ್ಟು ಹೆಸರಿಗೆ ಅಷ್ಟು ಕಡಿಮೆ ಬಜೆಟ್ ಅಂದ್ರೆ ಏನರ್ಥ? ಸಂಭಾವನೆ ಅಲ್ಪ, ಕೆಲಸ ಒಂದೆರಡು ದಿನದ್ದು. ಮೊದಲು ಜಾಕ್‌ಮನ್ ಮತ್ತು ವಿನ್ಸ್ಲೆಟ್ ತುಣುಕು ತೆಗೆದು, ಅದನ್ನೇ ತೋರಿಸಿ ಉಳಿದವರನ್ನ ಒಪ್ಪಿಸಿದರು. ಒಬ್ಬೊಬ್ಬರು ಬಿಡುವಾದಾಗ ಬಂದು ಹೋಗಿದ್ದಕ್ಕೆ ವರ್ಷಗಳೇ ಹಿಡಿದವು. 2013ರಲ್ಲಿ ಬಿಡುಗಡೆಯಾದಾಗ ಬಹುತೇಕರು ಪ್ರಚಾರದ ಕಡೆ ತಲೆ ಹಾಕಲಿಲ್ಲ. ಇಲ್ಲೇ ನೋಡಿ ಸುಳಿವು ಇರೋದು: ನಟರೇ ತಮ್ಮ ಸಿನಿಮಾ ಬಗ್ಗೆ ಬಾಯಿ ಬಿಡ್ತಿಲ್ಲ ಅಂದ್ರೆ ಅವರಿಗೆ ಮೊದಲೇ ಗೊತ್ತಿದೆ. ಆ ವರ್ಷದ ಅತಿ ಕೆಟ್ಟ ಚಿತ್ರ ಅಂತ ರಾಝಿ ಬಂತು, ಕೆಟ್ಟ ಸಿನಿಮಾಗಳಿಗೆ ಕೊಡೋ ಅಣಕು ಪ್ರಶಸ್ತಿ ಅದು.

ಕೆಲವು ಸಲ ನಟರ ತಪ್ಪೇನೂ ಇರಲ್ಲ, ಚಿತ್ರೀಕರಣವೇ ಅರ್ಧಕ್ಕೆ ನಿಂತಿರುತ್ತೆ. 2017ರ ದಿ ಸ್ನೋಮ್ಯಾನ್‌ನಲ್ಲಿ ಮೈಕೆಲ್ ಫಾಸ್‌ಬೆಂಡರ್, ರೆಬೆಕಾ ಫರ್ಗುಸನ್, ಜೆ.ಕೆ. ಸಿಮನ್ಸ್ ಇದ್ದರು. ಚಿತ್ರಕಥೆಯ ಸುಮಾರು 10ರಿಂದ 15 ಶೇಕಡಾ ಶೂಟೇ ಆಗಲಿಲ್ಲ ಅಂತ ನಿರ್ದೇಶಕ ಟೊಮಾಸ್ ಆಲ್ಫ್ರೆಡ್‌ಸನ್ ಅವರೇ ಒಪ್ಪಿಕೊಂಡರು. ಪತ್ತೇದಾರಿ ಕಥೆಯಲ್ಲಿ ಅಷ್ಟು ಭಾಗ ಇಲ್ಲ ಅಂದ್ರೆ ಕೊಲೆಗಾರನನ್ನ ಹಿಡಿಯೋದು ಹೇಗೆ? ಹಾಗೇ ಅದೇ ವರ್ಷದ ಜಸ್ಟಿಸ್ ಲೀಗ್. ರೀಶೂಟ್ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಇನ್ನೊಂದು ಸಿನಿಮಾಗೆ ಮೀಸೆ ಬಿಟ್ಟಿದ್ದರು, ಬೋಳಿಸೋಕೆ ಅಲ್ಲಿನವರು ಬಿಡಲಿಲ್ಲ. ಗ್ರಾಫಿಕ್ಸ್‌ನಲ್ಲಿ ಮೀಸೆ ಅಳಿಸಿದರು. ಮೊದಲ ಸೀನಲ್ಲೇ, ಮಕ್ಕಳ ಮೊಬೈಲ್ ವಿಡಿಯೋದಲ್ಲಿ ಸೂಪರ್‌ಮ್ಯಾನ್ ಮಾತಾಡ್ತಾನಲ್ಲ, ಮೇಲ್ತುಟಿ ನೋಡಿ. ಮುಖ ಒಂದು ಕಡೆ, ತುಟಿ ಇನ್ನೊಂದು ಕಡೆ.

ಇಂಥ ಸಿನಿಮಾ ಮಾಡಿದವರನ್ನ, ಮೆಚ್ಚಿದವರನ್ನ ಕೇಳಿದ್ರೆ ಬರೋ ಉತ್ತರಗಳಿವೆಯಲ್ಲ, ಅವು ಸಿನಿಮಾಗಿಂತ ಹೆಚ್ಚು ಉರಿಸ್ತವೆ. "ಇಷ್ಟು ಜನರನ್ನ ಒಂದೇ ಪರದೆ ಮೇಲೆ ತಂದಿದ್ದೇ ಸಾಧನೆ." ಎಲ್ಲಿ ತಂದ್ರಿ ಸ್ವಾಮಿ, ಒಂದೇ ಫ್ರೇಮಿಗೂ ತರಲಿಲ್ಲವಲ್ಲ. "ಇದು ಅಭಿಮಾನಿಗಳಿಗಾಗಿ ಮಾಡಿದ್ದು." ಅಭಿಮಾನಿಗಳಿಗೆ ಕಥೆ ಬೇಡ್ವಾ? "ಲಾಜಿಕ್ ಹುಡುಕಬೇಡಿ." "ಎಲ್ಲದಕ್ಕೂ ಎರಡನೇ ಭಾಗದಲ್ಲಿ ಉತ್ತರ ಇದೆ." ಮೊದಲ ಭಾಗಕ್ಕೆ ಕೊಟ್ಟ ದುಡ್ಡಿಗೆ ಉತ್ತರ ಮೊದಲ ಭಾಗದಲ್ಲೇ ಬೇಕು. ಕೊನೆಗೆ, "ಹಾಗಿದ್ರೆ ನೀನೊಂದು ಮಾಡಿ ತೋರಿಸು." ಇದಕ್ಕೆ ಏನಂತ ಹೇಳೋದು.

2019ರ ಕ್ಯಾಟ್ಸ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ, ನಟರನ್ನ ಗ್ರಾಫಿಕ್ಸ್‌ನಲ್ಲಿ ಬೆಕ್ಕುಗಳನ್ನಾಗಿ ಮಾಡಿದ ಸಿನಿಮಾ ಅದು. ಜೂಡಿ ಡೆಂಚ್, ಇಯಾನ್ ಮೆಕೆಲನ್, ಇಡ್ರಿಸ್ ಎಲ್ಬಾ, ಟೇಲರ್ ಸ್ವಿಫ್ಟ್. ಬಿಡುಗಡೆಯಾದ ಪ್ರಿಂಟ್‌ನಲ್ಲಿ ಬೆಕ್ಕಿನ ಮೈಯಿಂದ ಡೆಂಚ್ ಅವರ ಮನುಷ್ಯರ ಕೈ, ಉಂಗುರ ಸಮೇತ ಕಾಣ್ತಿತ್ತು. ಥಿಯೇಟರ್‌ಗಳಲ್ಲಿ ಓಡ್ತಿರೋವಾಗಲೇ ಗ್ರಾಫಿಕ್ಸ್ ಸರಿಮಾಡಿದ ಹೊಸ ಪ್ರತಿ ಕಳಿಸಿದರು. ಮೊದಲ ದಿನವೇ ಹೋದ ನಿಷ್ಠಾವಂತರು ನೋಡಿದ್ದು ಕೆಲಸ ಮುಗಿಯದ ಸಿನಿಮಾ.

ಹಾಗಂತ ದೊಡ್ಡ ಹೆಸರು, ಸಣ್ಣ ಪಾತ್ರ ಅನ್ನೋದೇ ಮೋಸ ಅಲ್ಲ. 1978ರ ಸೂಪರ್‌ಮ್ಯಾನ್‌ನಲ್ಲಿ ಮಾರ್ಲನ್ ಬ್ರ್ಯಾಂಡೋ ಹೆಸರು ನಾಯಕ ಕ್ರಿಸ್ಟಫರ್ ರೀವ್‌ಗಿಂತ ಮೇಲಿದೆ, ಸಂಭಾವನೆ 37 ಲಕ್ಷ ಡಾಲರ್, ಮೇಲೆ ಗಳಿಕೆಯಲ್ಲಿ ಪಾಲು, ಪರದೆ ಮೇಲೆ ಇರೋದು ಸ್ವಲ್ಪ ಹೊತ್ತು. ಆದ್ರೂ ಯಾರಿಗೂ ಬೇಜಾರಿಲ್ಲ. ಮಗುವನ್ನ ಭೂಮಿಗೆ ಕಳಿಸೋ ಸೂಪರ್‌ಮ್ಯಾನ್‌ನ ಅಪ್ಪನಿಗೆ ಕಥೆಯಲ್ಲಿ ಇರೋ ಕೆಲಸವೇ ಅಷ್ಟು, ಅದನ್ನ ಪೂರ್ತಿ ಮಾಡಿದಾರೆ.

ಈಗ ಮಾಡಬೇಕಾದ್ದು. ಟ್ರೇಲರ್ ಸೌಂಡ್ ಆಫ್ ಮಾಡಿ ನೋಡಿ, ಯಾರ ಜೊತೆ ಯಾರು ಒಂದೇ ಫ್ರೇಮ್‌ನಲ್ಲಿದ್ದಾರೆ ಅಂತ ಎಣಿಸಿ. ಒಬ್ಬರ ಬಟ್ಟೆ, ಜಾಗ ಇಡೀ ಟ್ರೇಲರ್‌ನಲ್ಲಿ ಬದಲಾಗದಿದ್ರೆ ಅವರ ಪಾಲಿಗೆ ಒಂದೋ ಎರಡೋ ಸೀನು. ಹೆಸರುಗಳ ಸಾಲಿನಲ್ಲಿ ಕೊನೆಗೆ "ವಿತ್", "ಆ್ಯಂಡ್" ಅಂತ ಬರೋರನ್ನ ನಂಬಿ ಹೋಗಬೇಡಿ, ದೊಡ್ಡ ಹೆಸರಿನ ಸಣ್ಣ ಪಾತ್ರಗಳು ಹೆಚ್ಚಾಗಿ ಅಲ್ಲೇ ಇರೋದು. ಬಿಡುಗಡೆ ದಿನ ಬರೋವರೆಗೂ ವಿಮರ್ಶೆ ಪ್ರಕಟಿಸಬಾರದು ಅಂತ ತಡೆ ಇದ್ರೆ, ರೀಶೂಟ್ ಸುದ್ದಿ ಬಂದು ಬಿಡುಗಡೆ ದಿನಾಂಕವೂ ಮುಂದೆ ಹೋಗಿದ್ರೆ, ಮೊದಲ ವಾರ ಮನೇಲಿರಿ. ಹೋಗಲೇಬೇಕು ಅಂದ್ರೆ ಒಬ್ಬರೇ ಹೋಗಿ, ಯಾರನ್ನೂ ಕರೆದುಕೊಂಡು ಹೋಗಬೇಡಿ.