ಒಂದು ಎಡಗಣ್ಣು, ಮೂರು ಹನಿ

ನನ್ನ ಎಡಗಣ್ಣಿನ ಒಳಗಿನ ಒತ್ತಡ, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, 28 ಬಂದಿತ್ತು. 10ರಿಂದ 21ರ ಒಳಗಿದ್ದರೆ ಸರಿ ಅನ್ನುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿಯ ಡಾಕ್ಟರ್ 'ಕಾಚಬಿಂದು' ಎಂದರು. ಕಣ್ಣಿನ ನರ ಹಾಳಾಗುತ್ತಾ ಹೋಗುವ ಗ್ಲಾಕೋಮಾಕ್ಕೆ ಮರಾಠಿಯ ಹೆಸರು ಅದು. ನನ್ನ ಹೆಂಡತಿ ಅದನ್ನು ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಅಂದುಕೊಂಡು, ಆಪರೇಷನ್ ಮಾಡಿಸಿದರೆ ಮುಗೀತಲ್ಲ ಎಂದು ನಿರಾಳವಾದಳು. ಎಲ್ಲಿಯ ಮುಗಿಯುವುದು! ಇದರಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದಿದ್ದನ್ನು ಕಾಪಾಡಲು ದಿನಾ ಹನಿ.

ಮೊದಲು ಕೊಟ್ಟಿದ್ದು ಟಿಮೊಲಾಲ್. ಅಗ್ಗ, ಉರಿ ಇಲ್ಲ, ಕಣ್ಣು ಕೆಂಪಾಗಲಿಲ್ಲ. ಒತ್ತಡ 21ಕ್ಕೆ ಇಳಿಯಿತು. ದಿನಕ್ಕೆ ಎರಡು ಸಲ. ಸಂಜೆಯ ಹನಿಯ ಹೊತ್ತಿಗೆ ನಾನು ಲೋಕಲ್ ಟ್ರೇನಿನಲ್ಲಿ, ಕೈ ಎತ್ತಲೂ ಜಾಗವಿಲ್ಲದೆ ನಿಂತಿರುತ್ತಿದ್ದೆ. ಅದನ್ನಾದರೂ ಸಹಿಸಬಹುದಿತ್ತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಏದುಸಿರು ಶುರುವಾಯಿತು. ವಯಸ್ಸಾಯಿತು ಅಂದುಕೊಂಡೆ. ಮನೆಯ ಬಿಪಿ ಮಷೀನು ನಾಡಿ 50 ಎಂದು ತೋರಿಸಿತು. ಕಣ್ಣಿನ ಹನಿಗೂ ಎದೆಗೂ ಏನು ಸಂಬಂಧ ಅನಿಸುತ್ತೆ, ಅಲ್ವಾ? ಹನಿ ಕಣ್ಣಿನ ಮೂಲೆಯ ಸಣ್ಣ ತೂತಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಟಿಮೊಲಾಲ್ ಬೀಟಾ ಬ್ಲಾಕರ್. ಎದೆಬಡಿತ ತಗ್ಗಿಸುತ್ತದೆ, ದಮ್ಮು ಇದ್ದವರಿಗೆ ಉಸಿರು ಬಿಗಿಯುತ್ತದೆ. ಚಿಕ್ಕಂದಿನಲ್ಲಿ ನನಗೆ ದಮ್ಮಿತ್ತು. ಡಾಕ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು ಅನ್ನುವುದು ಗೊತ್ತಾಗಿದ್ದೂ ಆಮೇಲೆಯೇ.

ಎರಡನೆಯದು ಡಾರ್ಜೊಲಾಮೈಡ್. ದಿನಕ್ಕೆ ಮೂರು ಸಲ, ಮೂರು ಸಲವೂ ಉರಿ, ಬಾಯೆಲ್ಲ ಕಹಿ. ಒತ್ತಡ 22ರಲ್ಲೇ ನಿಂತಿತು. ಮಾಟುಂಗದ ಫಿಲ್ಟರ್ ಕಾಫಿಯೂ ಕಷಾಯದಂತಾದ ದಿನ, ಬೇರೆ ಬರೆದುಕೊಡಿ ಎಂದು ಡಾಕ್ಟರ ಹತ್ತಿರ ಹೋದೆ.

ಈಗ ಹಾಕುತ್ತಿರುವುದು ಲ್ಯಾಟಾನೊಪ್ರೋಸ್ಟ್. ರಾತ್ರಿ ಒಂದೇ ಹನಿ. ಒತ್ತಡ 17. ನನ್ನ ಮಟ್ಟಿಗೆ ಇದೇ ಗೆದ್ದಿತು, ಬೆಲೆ ಜಾಸ್ತಿಯಾದರೂ. ಇದಕ್ಕೂ ಅದರದೇ ಚೇಷ್ಟೆಗಳಿವೆ. ಮೊದಲ ಮೂರು ವಾರ ಕಣ್ಣು ಕೆಂಪಗಿತ್ತು. ರಾತ್ರಿ ಜೋರಾಗಿತ್ತಾ ಎಂದು ಆಫೀಸಿನಲ್ಲಿ ಕಾಲೆಳೆದರು. ಆಮೇಲೆ ಎಡಗಣ್ಣಿನ ರೆಪ್ಪೆಗೂದಲು ಮಾತ್ರ ಉದ್ದ, ದಪ್ಪ ಬೆಳೆಯಿತು. ಬಲಗಣ್ಣಿಗೂ ಹಾಕಿ, ಸರಿಯಾಗುತ್ತೆ ಎಂದಳು ಹೆಂಡತಿ! ಹೊರಗೆ ಸುರಿದ ಹನಿ ಒರೆಸದಿದ್ದರೆ ಕಣ್ಣಿನ ಸುತ್ತ ಚರ್ಮವೂ ಕಪ್ಪಾಗಬಹುದು.

ನಿಜವಾದ ತಲೆನೋವು ಬಾಟಲಿಯದು. ಸೀಲ್ ಒಡೆಯುವ ತನಕ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಒಡೆದ ಮೇಲೆ ಕೆಲವೇ ವಾರ, ಅದೂ 25 ಡಿಗ್ರಿ ಮೀರದಂತೆ. ಮೇ ತಿಂಗಳ ಡೊಂಬಿವಲಿಯಲ್ಲಿ 25 ಡಿಗ್ರಿ ಎಲ್ಲಿಂದ ತರುವುದು? ಹಾಗಾಗಿ ಅದು ಬೆಣ್ಣೆ ಡಬ್ಬಿಯ ಪಕ್ಕದಲ್ಲೇ ಇರುತ್ತದೆ. ಕಳೆದ ಬೇಸಿಗೆಯಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಉಡುಪಿಗೆ ಹೊರಟಾಗ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ತುಂಬಿದ ಫ್ಲಾಸ್ಕಿಗೆ ಹಾಕಿದ್ದೆ. ರತ್ನಾಗಿರಿ ದಾಟಿದ ಮೇಲೆ, ಮೇಲಿನ ಬರ್ತಿನಲ್ಲಿ ಮಲಗಿಕೊಂಡು, ಗಾಡಿ ಯಾವುದೋ ಸ್ಟೇಷನ್ನಿನಲ್ಲಿ ನಿಂತಾಗ ಹನಿ ಬಿಟ್ಟುಕೊಂಡೆ.